ಒಂದು ಊರು, ಒಂದು ಕಸುಬು, ಒಂದು ಪೂರ್ತಿ ದಿನ

ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆ. ಗೂಡು ತಂದು ಹರಾಜಿಗೆ ಕಾದು ಕೂತಿದ್ದ ರೈತರೊಬ್ಬರ ಮುಂದೆ ಒಂಬತ್ತನೇ ತರಗತಿಯ ಹುಡುಗಿ ನೋಟ್‌ಬುಕ್ ಹಿಡಿದು ನಿಂತಿದ್ದಳು. "ಅಣ್ಣಾ, ನಿಮ್ಮ ಸಂಸ್ಕೃತಿಯ ಬಗ್ಗೆ ಸ್ವಲ್ಪ ಹೇಳ್ತೀರಾ?" ಎಂದು ಕೇಳಿದಳು. ಅವರಿಗೆ ಏನು ಹೇಳಬೇಕೋ ತೋಚಲಿಲ್ಲ. ಮುಜುಗರದಿಂದ ನಕ್ಕು, "ಅದೆಲ್ಲ ನಿಮ್ಮ ಮೇಷ್ಟ್ರನ್ನ ಕೇಳವ್ವ" ಎಂದರು. ಪಕ್ಕದಲ್ಲಿದ್ದ ಹುಡುಗ ತನ್ನ ಪಾಡಿಗೆ ತಾನು, "ಇವತ್ತು ಎಷ್ಟೊತ್ತಿಗೆ ಎದ್ರಿ ಅಣ್ಣ?" ಎಂದ. ಮಾತು ಹೊರಟಿದ್ದು ಆಗ. ಎದ್ದದ್ದಲ್ಲ, ರಾತ್ರಿ ಮಲಗೇ ಇಲ್ಲ ಎಂಬಲ್ಲಿಂದ ಶುರುವಾಗಿ, ಹುಳ ಹಣ್ಣಾದ ದಿನ ಅಕ್ಕಪಕ್ಕದ ಮನೆಯವರೆಲ್ಲ ಬಂದು ಗೂಡು ಕಟ್ಟಲು ಚಂದ್ರಂಕಿಗೆ ಬಿಟ್ಟುಕೊಟ್ಟದ್ದು, ಅವರ ಮನೆಯ ಹುಳ ಹಣ್ಣಾದಾಗ ಇವರು ಹೋಗಬೇಕಾದ್ದು, ಹೋದ ಬೆಳೆ ಸುಣ್ಣಕಟ್ಟು ರೋಗಕ್ಕೆ ಹೋದದ್ದು, ಹುಳುಮನೆಯ ಬಾಗಿಲಿಗೆ ಕೈಮುಗಿಯದೆ ಹೆಂಡತಿ ಒಳಗೆ ಕಾಲಿಡದಿರುವುದು... ಎಲ್ಲ ಬಂತು. ಹುಡುಗಿ ಕೇಳಿದ್ದೂ ಅದನ್ನೇ. ಕೇಳಿದ ಬಗೆ ಮಾತ್ರ ಬೇರೆ.

ಮಕ್ಕಳನ್ನು ಊರು ತೋರಿಸಲು ಕರೆದುಕೊಂಡು ಹೋಗುವ ಮೇಷ್ಟ್ರು, ಮೇಡಂ, ಪೋಷಕರಿಗಾಗಿ ಈ ಲೇಖನ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕೂ ಊರುಗಳು ಬೆಂಗಳೂರಿನಿಂದ ಹೆಚ್ಚುಕಡಿಮೆ ಐವತ್ತು, ಅರವತ್ತು ಕಿಲೋಮೀಟರು. ಮೈಸೂರು, ಮಂಡ್ಯ, ತುಮಕೂರಿನವರಿಗೂ ದೂರವಲ್ಲ. ಹತ್ತಿರ ಎಂಬ ಒಂದೇ ಕಾರಣಕ್ಕೆ ನಾವು ಮಾಡುವ ತಪ್ಪೂ ಇಲ್ಲೇ ಇದೆ. ಒಂದೇ ದಿನದಲ್ಲಿ ನಾಲ್ಕನ್ನೂ ಮುಗಿಸಿಬಿಡೋಣ ಎಂದು ಹೊರಡುತ್ತೇವೆ. ನಾನೂ ಮೊದಲ ಸಲ ಹಾಗೇ ಮಾಡಿದ್ದೆ. ಬೆಳಗ್ಗೆ ಆರಕ್ಕೆ ಬಸ್ಸು, ರಾತ್ರಿ ಹತ್ತಕ್ಕೆ ವಾಪಸ್ಸು. ಮಾರನೆಯ ದಿನ ಏನು ನೆನಪಿದೆ ಎಂದು ಕೇಳಿದರೆ ಮಕ್ಕಳು ಹೇಳಿದ್ದು ಬಸ್ಸಿನಲ್ಲಿ ಹಾಡಿದ ಹಾಡು, ಯಾರೋ ವಾಂತಿ ಮಾಡಿಕೊಂಡದ್ದು. ಅಂದಿನಿಂದ ನನ್ನ ಲೆಕ್ಕ ಒಂದೇ: ಒಂದು ಸಲಕ್ಕೆ ಒಂದು ಊರು, ಆ ಊರಿನ ಒಂದು ಕಸುಬು, ಅದಕ್ಕೆ ಪೂರ್ತಿ ಒಂದು ದಿನ.

ಹೊರಡುವ ಮುನ್ನ: ಹೆಸರಿನ ಪಾಠ

ಈ ಜಿಲ್ಲೆಯ ಹೆಸರೇ ಮಕ್ಕಳಿಗೆ ಒಳ್ಳೆಯ ಮೊದಲ ಪಾಠ. 2007ರ ಆಗಸ್ಟಿನಲ್ಲಿ ಬೆಂಗಳೂರು ಗ್ರಾಮಾಂತರದಿಂದ ಈ ನಾಲ್ಕು ತಾಲ್ಲೂಕುಗಳನ್ನು ಬೇರ್ಪಡಿಸಿ ರಾಮನಗರ ಜಿಲ್ಲೆ ಮಾಡಿದರು. ಆಮೇಲೆ ಹಾರೋಹಳ್ಳಿಯೂ ತಾಲ್ಲೂಕಾಯಿತು. 2025ರ ಮೇ ತಿಂಗಳಲ್ಲಿ ಸರ್ಕಾರ ಜಿಲ್ಲೆಗೆ 'ಬೆಂಗಳೂರು ದಕ್ಷಿಣ' ಎಂದು ಹೆಸರಿಟ್ಟಿತು. ಜಿಲ್ಲಾ ಕೇಂದ್ರ ರಾಮನಗರವಾಗಿಯೇ ಉಳಿಯಿತು. ಇನ್ನೂ ಹಿಂದೆ ಹೋದರೆ, ಟಿಪ್ಪುವಿನ ಕಾಲದಲ್ಲಿ ರಾಮನಗರ ಶಂಸೇರಾಬಾದ್ ಆಗಿತ್ತು. ಬ್ರಿಟಿಷರ ಕಾಲಕ್ಕೆ ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಹೆಸರಿನಲ್ಲಿ ಕ್ಲೋಸ್‌ಪೇಟೆಯಾಯಿತು. ಊರಿನವರು ಆ ಹೆಸರು ಬಿಟ್ಟು ಎಷ್ಟೋ ವರ್ಷವಾದರೂ ಜಗತ್ತಿನ ಭೂವಿಜ್ಞಾನಿಗಳು ಬಿಟ್ಟಿಲ್ಲ. ಇಲ್ಲಿನ ಬಂಡೆಗಳಿಗೆ ಅವರು ಇವತ್ತಿಗೂ ಹೇಳುವುದು ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ. ಆ ಶಿಲೆಯ ವಯಸ್ಸು ಸುಮಾರು 250 ಕೋಟಿ ವರ್ಷ. ಕನಕಪುರವೂ ಹಾಗೆಯೇ. ಹಳೆಯ ಕಾಗದಪತ್ರಗಳಲ್ಲಿ ಅದು ಕಾನಕಾನಹಳ್ಳಿ.

ಹೋಗುವ ಮೊದಲು ತರಗತಿಯಲ್ಲಿ ಇದನ್ನು ಹೇಳಿ, ಅಲ್ಲಿ ಸಿಗುವ ಹಿರಿಯರಿಗೆ ಕೇಳಲು ಮಕ್ಕಳಿಗೆ ಒಂದು ಪ್ರಶ್ನೆ ಕೊಡಿ: "ಯಾರಾದರೂ ನಿಮ್ಮೂರು ಯಾವುದು ಅಂದ್ರೆ ಏನು ಹೇಳ್ತೀರಿ?" ಜಿಲ್ಲೆಯ ಹೆಸರು ಹೇಳುವವರು ಬಹಳ ಕಡಿಮೆ. ಒಬ್ಬರು ಹಳ್ಳಿಯ ಹೆಸರು ಹೇಳುತ್ತಾರೆ, ಒಬ್ಬರು ಹೋಬಳಿ, ಇನ್ನೊಬ್ಬರು ಹತ್ತಿರದ ಬೆಟ್ಟ ಅಥವಾ ದೇವರ ಹೆಸರು. ಜನ ತಮ್ಮನ್ನು ತಾವು ಯಾವುದರಿಂದ ಗುರುತಿಸಿಕೊಳ್ಳುತ್ತಾರೆ ಎಂಬುದು ಮಕ್ಕಳ ನೋಟ್‌ಬುಕ್ಕಿನಲ್ಲಿ ತಾನಾಗಿಯೇ ಮೂಡುತ್ತದೆ.

ಇನ್ನೊಂದು ತಯಾರಿ ಮನೆಯಲ್ಲೇ ಆಗಬೇಕು. ತಮ್ಮ ಅಜ್ಜಿ ತಾತ ಮಾಡುತ್ತಿದ್ದ ಕೆಲಸ ಯಾವುದು, ಆ ಕೆಲಸದ ಐದು ಪದಗಳು ಯಾವುವು ಎಂದು ಕೇಳಿಕೊಂಡು ಬರಲಿ. ಬೇರೆಯವರ ಮನೆಯ ಮಾತು ಕೇಳುವ ಮುನ್ನ ತಮ್ಮ ಮನೆಯ ಮಾತು ಗೊತ್ತಿದ್ದರೆ ಮಗು ಪ್ರವಾಸಿಯಂತೆ ಹೋಗುವುದಿಲ್ಲ, ನೆಂಟರಂತೆ ಹೋಗುತ್ತದೆ.

ರಾಮನಗರ: ಗೂಡಿನ ಜಾಡು ಹಿಡಿದು

ರಾಮನಗರದ ಗೂಡಿನ ಮಾರುಕಟ್ಟೆಯನ್ನು ಏಷ್ಯಾದಲ್ಲೇ ದೊಡ್ಡದು ಎನ್ನುತ್ತಾರೆ. ಅದಕ್ಕಿಂತ ಮಕ್ಕಳು ತಿಳಿಯಬೇಕಾದದ್ದು, ರೈತನ ಒಂದು ತಿಂಗಳ ದುಡಿಮೆಯ ಬೆಲೆ ಇಲ್ಲಿ ಕೆಲವೇ ನಿಮಿಷದಲ್ಲಿ ತೀರ್ಮಾನವಾಗುತ್ತದೆ ಎಂಬುದು. ಗೂಡನ್ನು ಲಾಟ್ ಲೆಕ್ಕದಲ್ಲಿ ಹರಡುತ್ತಾರೆ, ಪ್ರತಿ ಲಾಟಿಗೂ ಒಂದು ನಂಬರು. ನೂಲು ಬಿಚ್ಚುವವರು, ಅಂದರೆ ರೀಲರುಗಳು, ಒಂದೊಂದೇ ಲಾಟಿನ ಹತ್ತಿರ ಬಂದು ಗೂಡನ್ನು ಕೈಗೆತ್ತಿಕೊಂಡು ಹಿಸುಕಿ, ಕಿವಿಯ ಬಳಿ ಅಲ್ಲಾಡಿಸಿ ನೋಡುತ್ತಾರೆ. ಹಿಂದೆ ಕೂಗಿ ಹರಾಜು ನಡೆಯುತ್ತಿತ್ತು, ಈಗ ಇ-ಹರಾಜು, ಮೊಬೈಲಿನಲ್ಲೇ ಬೆಲೆ ಕೂಗುತ್ತಾರೆ. ಹಳದಿ ಗೂಡು ಮಿಶ್ರತಳಿ, ಬಿಳಿ ಗೂಡು ದ್ವಿತಳಿ. ಮಾರುಕಟ್ಟೆಯ ಬಾಯಲ್ಲಿ ಸಿಬಿ, ಬಿವಿ. ಎರಡೂ ಬಣ್ಣದ ಗೂಡನ್ನು ಮಕ್ಕಳು ಕೈಯಲ್ಲಿ ಹಿಡಿಯಲಿ, ಆದರೆ ರೈತರನ್ನು ಕೇಳಿದ ಮೇಲೆ. ಆ ಗೂಡು ಅವರ ದುಡ್ಡು. ಕೇಳಲು ಒಳ್ಳೆಯ ಪ್ರಶ್ನೆ: "ಬಂದ ಬೆಲೆ ಒಪ್ಪಿಗೆಯಾಗದಿದ್ದರೆ ಏನು ಮಾಡ್ತೀರಿ?" ಉತ್ತರ ಕೇಳಿದ ಮಕ್ಕಳಿಗೆ ಅರ್ಥಶಾಸ್ತ್ರದ ಒಂದು ಅಧ್ಯಾಯ ಪಾಠ ಮಾಡುವ ಕೆಲಸ ಉಳಿಯುವುದಿಲ್ಲ.

ಹರಾಜು ನಡೆಯುವುದು ಬೆಳಗಿನ ಹೊತ್ತು. ಮಧ್ಯಾಹ್ನ ಹೋದರೆ ಖಾಲಿ ಜಾಗ ನೋಡಿಕೊಂಡು ಬರಬೇಕಾಗುತ್ತದೆ. ಮಾರುಕಟ್ಟೆ ರೇಷ್ಮೆ ಇಲಾಖೆಯದು. ಮೊದಲೇ ಪತ್ರ ಬರೆದು ಅನುಮತಿ ಪಡೆದರೆ ಸಿಬ್ಬಂದಿಯೇ ನಿಂತು ವಿವರಿಸುತ್ತಾರೆ. ನಲವತ್ತು ಮಕ್ಕಳನ್ನು ಒಟ್ಟಿಗೆ ಒಳಗೆ ಬಿಟ್ಟರೆ ವ್ಯಾಪಾರಕ್ಕೆ ಅಡ್ಡಿ. ಹತ್ತು ಹತ್ತು ಮಕ್ಕಳ ತಂಡ ಮಾಡಿ, ಸರದಿಯಲ್ಲಿ ಕಳಿಸಿ.

ಮಾರುಕಟ್ಟೆಯಿಂದ ಜಾಡು ಎರಡು ಕಡೆಗೆ ಹೋಗುತ್ತದೆ. ಹಿಂದಕ್ಕೆ ಹೋದರೆ ಹಿಪ್ಪುನೇರಳೆ ತೋಟ, ಹುಳುಮನೆ. ಮುಂದಕ್ಕೆ ಹೋದರೆ ನೂಲು ಬಿಚ್ಚುವ ಘಟಕ. ಸಮಯವಿದ್ದರೆ ಎರಡನ್ನೂ ನೋಡಿ. ಒಂದೇ ಸಾಧ್ಯವೆಂದರೆ ನನ್ನ ಆಯ್ಕೆ ಹುಳುಮನೆ.

ಹುಳು ಸಾಕುವವರ ಮನೆಗೆ ಹೋಗುವುದಕ್ಕೆ ಕೆಲವು ಕಟ್ಟುಪಾಡುಗಳಿವೆ, ಅವು ಮಡಿಯಂತೆಯೇ. ಚಪ್ಪಲಿ ಹೊರಗೆ, ಕೈಕಾಲು ತೊಳೆದು ಒಳಗೆ. ಸೆಂಟು, ಪೌಡರು, ಸೊಳ್ಳೆಗೆ ಹಚ್ಚುವ ಮುಲಾಮು ಆ ದಿನ ಬೇಡ. ಬೀಡಿ ಸಿಗರೇಟಿನ ಹೊಗೆ ಸೋಕಿದ ಬಟ್ಟೆಯವರೂ ಹೊರಗೇ ನಿಲ್ಲಬೇಕು. ಬೇರೆ ಹುಳುಮನೆಗೆ ಹೋಗಿ ನೇರ ಇಲ್ಲಿಗೆ ಬರುವಂತಿಲ್ಲ, ರೋಗ ಹರಡುತ್ತದೆ. ಹಾಲುತೊಂಡೆ, ಸುಣ್ಣಕಟ್ಟು, ಗಂಟುರೋಗ ಎಂದು ರೈತರು ಹೆಸರಿಟ್ಟು ಹೇಳುವ ಒಂದೊಂದು ರೋಗವೂ ಒಂದೊಂದು ಸಂಸಾರದ ನಷ್ಟದ ಕತೆ. ಹೀಗಾಗಿ ಯಾವ ರೈತರಾದರೂ "ಹುಳುಮನೆ ಒಳಗೆ ಬರಬೇಡಿ, ಕಿಟಕಿಯಿಂದ ನೋಡಿ" ಎಂದರೆ ಬೇಸರಿಸಬೇಡಿ. ಅವರು ಹೇಳುತ್ತಿರುವುದು ಸರಿ.

ಒಳಗೆ ಬಿಟ್ಟರೆ ಎರಡು ನಿಮಿಷ ಯಾರೂ ಮಾತಾಡದೆ ನಿಲ್ಲಿ ಎಂದು ಮಕ್ಕಳಿಗೆ ಹೇಳಿ. ಸಾವಿರಾರು ಹುಳು ಒಟ್ಟಿಗೆ ಸೊಪ್ಪು ಮೇಯುವ ಸದ್ದು ಕೇಳುತ್ತದೆ. ನಂತರ ಪದಗಳು. ಹುಳು ಬೆಳೆಯುವಾಗ ನಾಲ್ಕು ಸಲ ಮೇಯುವುದು ಬಿಟ್ಟು, ತಲೆ ಎತ್ತಿ ಅಲ್ಲಾಡದೆ ಕೂತು ಪೊರೆ ಬಿಡುತ್ತದೆ. ರೈತರು ಅದಕ್ಕೆ 'ಜ್ವರ' ಎನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ, "ನಾಲ್ಕನೇ ಜ್ವರದಿಂದ ಎದ್ದವೆ" ಎಂದು ಮಕ್ಕಳ ಆರೋಗ್ಯದ ಸುದ್ದಿ ಹೇಳಿದಂತೆ ಹೇಳುತ್ತಾರೆ. ಎಳೆಯ ಹುಳಕ್ಕೆ ಚಾಕಿ. ಗೂಡು ಕಟ್ಟಲು ಸಿದ್ಧವಾದ ಹುಳ 'ಹಣ್ಣಾದ' ಹುಳ. ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿಗೆ ಪುಸ್ತಕದಲ್ಲಿ ಚಂದ್ರಿಕೆ, ಊರಿನಲ್ಲಿ ಚಂದ್ರಂಕಿ. ಈ ಪದಗಳನ್ನು ಬರೆದುಕೊಂಡ ಮಗು ರೇಷ್ಮೆ ಸೀರೆಯನ್ನು ಮುಂದೆಂದೂ ಬರೀ ಬಟ್ಟೆಯಾಗಿ ನೋಡಲಾರದು.

ನೂಲು ಬಿಚ್ಚುವ ಘಟಕದಲ್ಲಿ ಬಿಸಿನೀರು, ಹಬೆ, ಬೆಂದ ಹುಳುವಿನ ಕಟು ವಾಸನೆ. ಸಣ್ಣ ಮಕ್ಕಳನ್ನು ಕರೆದೊಯ್ಯಬೇಡಿ. ಪ್ರೌಢಶಾಲೆಯವರನ್ನು ಒಯ್ಯಿ, ಬಿಸಿನೀರಿನ ಬಾಣಲೆಯಿಂದ ದೂರ ನಿಲ್ಲಿಸಿ. ಹುಳು ಒಳಗೆ ಸತ್ತಿರುತ್ತದೆಯೇ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಹೌದು ಎಂದೇ ಹೇಳಿ. ಬೇರೆ ಕಷ್ಟದ ಪ್ರಶ್ನೆಯನ್ನೂ ಮುಚ್ಚಿಡಬೇಡಿ. ಕರ್ನಾಟಕದ ರೇಷ್ಮೆ ಕೆಲಸದಲ್ಲಿ ಒಂದು ಕಾಲಕ್ಕೆ ನಿಮ್ಮ ವಿದ್ಯಾರ್ಥಿಗಳ ವಯಸ್ಸಿನವರೇ ಸಾಲಕ್ಕೆ ಸಿಕ್ಕಿ ದುಡಿಯುತ್ತಿದ್ದರು. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ದೇಶದ ರೇಷ್ಮೆ ಉದ್ಯಮದ ಜೀತದ ಮಕ್ಕಳ ಬಗ್ಗೆ ವರದಿ ತಂದಾಗ ಅದರಲ್ಲಿ ಕರ್ನಾಟಕವೂ ಇತ್ತು. ಊರಿನ ಹೆಮ್ಮೆಯನ್ನು ಹೇಳುವಾಗ ಊರಿನ ನೋವನ್ನು ಬಿಟ್ಟು ಹೇಳುವುದು ಮಕ್ಕಳಿಗೆ ಮಾಡುವ ಮೋಸ.

ಅದೇ ದಿನ ಮಧ್ಯಾಹ್ನಕ್ಕೆ ಜಾನಪದ ಲೋಕ ಸರಿಹೊಂದುತ್ತದೆ. ರಾಮನಗರ ಚನ್ನಪಟ್ಟಣದ ನಡುವೆ, ಹಳೆಯ ಮೈಸೂರು ರಸ್ತೆಯ ಬದಿಯಲ್ಲೇ ಇದೆ. ಎಚ್.ಎಲ್. ನಾಗೇಗೌಡರು ಐಎಎಸ್ ಅಧಿಕಾರಿಯಾಗಿದ್ದು, 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿ, ಊರೂರು ಸುತ್ತಿ ಹಾಡು ಧ್ವನಿಮುದ್ರಿಸಿ, ಸಾಮಾನು ಕೂಡಿಟ್ಟು, 1994ರಲ್ಲಿ ಹದಿನೈದು ಎಕರೆಯಲ್ಲಿ ಇದನ್ನು ತೆರೆದರು. ಲೋಕಮಾತಾ ಮಂದಿರ, ಲೋಕ ಮಹಲ್, ಚಿತ್ರ ಕುಟೀರ, ಬಯಲು ರಂಗಮಂದಿರ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಸುತ್ತಿಸಬೇಡಿ. ಒಬ್ಬೊಬ್ಬ ವಿದ್ಯಾರ್ಥಿಗೂ ಒಂದೊಂದು ವಸ್ತು ಹಂಚಿ: ಕೂರಿಗೆ, ಬೀಸುವ ಕಲ್ಲು, ಒನಕೆ, ಸೇರು, ಪಾವು, ತೊಗಲುಗೊಂಬೆ, ಸೋಮನ ಮುಖ. ಅದರ ಮುಂದೆ ಹದಿನೈದು ನಿಮಿಷ ಕೂತು ಚಿತ್ರ ಬರೆಯಲಿ. ಫೋಟೊ ತೆಗೆದರೆ ಕಣ್ಣು ಅರ್ಧ ಸೆಕೆಂಡು ನೋಡುತ್ತದೆ. ಬರೆಯಲು ಕೂತರೆ ಕೂರಿಗೆಯ ಬಟ್ಟಲಿನಿಂದ ಎಷ್ಟು ಕೊಳವೆ ಇಳಿದಿವೆ, ಕಾಳು ಎಲ್ಲಿಂದ ಬಿದ್ದು ಎಲ್ಲಿಗೆ ಹೋಗುತ್ತದೆ ಎಂದು ಲೆಕ್ಕ ಹಾಕಲೇಬೇಕಾಗುತ್ತದೆ. ವಾರದ ರಜೆ ಮಂಗಳವಾರ. ಹೊರಡುವ ಮುನ್ನ ಒಂದು ಫೋನ್ ಮಾಡಿ ಖಚಿತ ಮಾಡಿಕೊಳ್ಳಿ.

ರಾಮದೇವರ ಬೆಟ್ಟಕ್ಕೆ ಹೋಗುವುದಾದರೆ 'ಶೋಲೆ' ಚಿತ್ರೀಕರಣದ ಜಾಗ ಎಂದು ತೋರಿಸಿ ಇಳಿದು ಬರಬೇಡಿ. 2012ರಲ್ಲಿ ಇದು ರಣಹದ್ದುಗಳ ಅಭಯಾರಣ್ಯವಾಯಿತು, ದೇಶದಲ್ಲೇ ಮೊದಲನೆಯದು. ಉದ್ದ ಕೊಕ್ಕಿನ ರಣಹದ್ದು ಇಲ್ಲಿನ ಬಂಡೆಯ ಚಾಚಿನಲ್ಲಿ ಗೂಡು ಮಾಡುತ್ತದೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ನೋವಿನ ಔಷಧ ಸತ್ತ ದನದ ಮಾಂಸದ ಮೂಲಕ ರಣಹದ್ದುಗಳನ್ನು ಕೊಂದಿತು. 2006ರಲ್ಲಿ ದೇಶ ಅದನ್ನು ಪಶುಗಳಿಗೆ ಕೊಡುವುದನ್ನು ನಿಷೇಧಿಸಿತು. ಊರಿನ ಹಿರಿಯರನ್ನು "ನೀವು ಚಿಕ್ಕವರಿದ್ದಾಗ ರಣಹದ್ದುಗಳು ಎಷ್ಟು ಇದ್ದವು?" ಎಂದು ಮಕ್ಕಳಿಂದ ಕೇಳಿಸಿ. ಮೆಟ್ಟಿಲು ಹತ್ತುವಾಗ ಕೂಗಾಟ ಬೇಡ, ಪ್ಲಾಸ್ಟಿಕ್ಕು ಬೇಡ.

ಚನ್ನಪಟ್ಟಣ: ಬೆಚ್ಚಗಿನ ಬೊಂಬೆ

2023ರಲ್ಲಿ ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಪೂರ್ತಿಯಾಯಿತು. ರಾಮನಗರ, ಚನ್ನಪಟ್ಟಣ ಎರಡನ್ನೂ ಹೊರಗಿನಿಂದಲೇ ದಾಟಿಸಿಬಿಡುವ ದಾರಿ ಅದು. ಹಳೆಯ ರಸ್ತೆಯ ಬೊಂಬೆ ಅಂಗಡಿಗಳ ವ್ಯಾಪಾರ ಕುಗ್ಗಿತು. ಬಸ್ಸಿನ ಡ್ರೈವರಿಗೆ ಮೊದಲೇ ಹೇಳಿ, ಹಳೇ ರಸ್ತೆಯಲ್ಲೇ ಹೋಗಬೇಕು ಎಂದು. ಇನ್ನೂ ಒಳ್ಳೆಯದು ರೈಲು. ಬೆಂಗಳೂರು ಮೈಸೂರು ಮಾರ್ಗದ ಪ್ಯಾಸೆಂಜರ್ ರೈಲುಗಳು ಬಿಡದಿ, ರಾಮನಗರ, ಚನ್ನಪಟ್ಟಣಗಳಲ್ಲಿ ನಿಲ್ಲುತ್ತವೆ. ಖರ್ಚು ಕಡಿಮೆ, ಬಸ್ಸಿನ ತಲೆಸುತ್ತಿಲ್ಲ, ಕೆಲಸಕ್ಕೆ ಓಡಾಡುವ ಜನರ ಜೊತೆ ಮಕ್ಕಳು ಕೂರುತ್ತಾರೆ.

ಬೊಂಬೆ ಕೊಳ್ಳುವುದು ಕೊನೆಗೆ. ಮೊದಲು ಬೊಂಬೆ ಹುಟ್ಟುವುದನ್ನು ನೋಡಬೇಕು. ಕಲಾನಗರದ ಕುಶಲಕರ್ಮಿಗಳ ಮನೆಗಳಲ್ಲಿ, ಕರಕುಶಲ ಅಭಿವೃದ್ಧಿ ನಿಗಮದ ಕೇಂದ್ರದಲ್ಲಿ ಲೇತ್ ಕೆಲಸ ನೋಡಬಹುದು. ಆಲೆ ಮರದ ಬಿಳಿಯ, ಮೆತ್ತನೆಯ ಕಟ್ಟಿಗೆಯನ್ನು ತಿಂಗಳುಗಟ್ಟಲೆ ಒಣಗಿಸಿ, ತುಂಡು ಮಾಡಿ ಲೇತಿಗೆ ಸಿಕ್ಕಿಸುತ್ತಾರೆ. ಮರ ಗಿರ್ರನೆ ತಿರುಗುವಾಗ ಉಳಿ ಹಿಡಿದರೆ ರಿಬ್ಬನ್ನಿನಂಥ ಹೊಟ್ಟು ಹಾರುತ್ತದೆ. ನೋಡನೋಡುತ್ತಿದ್ದಂತೆ ತಲೆ, ಕುತ್ತಿಗೆ, ಸೊಂಟ. ಆಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತುತ್ತಾರೆ. ಕುಂಚವಿಲ್ಲ, ಬೆಂಕಿಯಿಲ್ಲ. ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೊನೆಗೆ ತಾಳೆ ಗರಿಯನ್ನು, ಅಂದರೆ ಕೇದಗೆಯ ಎಲೆಯನ್ನು, ಮಡಿಸಿ ಒತ್ತಿ ಹಿಡಿದರೆ ಹೊಳಪು. ಲೇತಿನಿಂದ ಈಗಷ್ಟೇ ಬಿಡಿಸಿದ ಬೊಂಬೆಯನ್ನು ಒಂದು ಮಗುವಿನ ಕೈಗೆ ಕೊಡಿಸಿ. ಅದು ಬೆಚ್ಚಗಿರುತ್ತದೆ. ನಾನು ಕರೆದುಕೊಂಡು ಹೋದ ಮಕ್ಕಳು ವರ್ಷಗಳ ನಂತರವೂ ನೆನೆಸಿಕೊಳ್ಳುವುದು ಆ ಬಿಸಿಯನ್ನು.

ಹಳದಿಗೆ ಅರಿಸಿನ, ನೀಲಿಗೆ ನೀಲಿ ಗಿಡ, ಕಂದಿಗೆ ಕಾಚು ಎಂದು ಹಳೆಯ ಲೆಕ್ಕ. ಎಲ್ಲ ಅಂಗಡಿಯ ಎಲ್ಲ ಬೊಂಬೆಯೂ ಈಗ ಹಾಗಿಲ್ಲ. ರಸ್ತೆ ಬದಿಯ ಅಂಗಡಿಗಳಲ್ಲಿ ಬೇರೆಡೆಯಿಂದ ಬಂದ ಪ್ಲಾಸ್ಟಿಕ್ ಬೊಂಬೆಯೂ ಬೆರೆತಿರುತ್ತದೆ. ಚನ್ನಪಟ್ಟಣದ ಬೊಂಬೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕು ಎರಡು ದಶಕವಾಗುತ್ತ ಬಂತು. ಆ ಮಾನ್ಯತೆ ಏಕೆ ಬೇಕಾಯಿತು ಎಂಬುದನ್ನು ಮಕ್ಕಳು ಎರಡು ಬೊಂಬೆ ಪಕ್ಕಪಕ್ಕ ಇಟ್ಟು, ಮುಟ್ಟಿ, ಮೂಸಿ, ತೂಗಿ ನೋಡಿ ತಾವೇ ಹೇಳಲಿ.

ಈ ಕಸುಬಿನ ಚರಿತ್ರೆ ಹೇಳುವಾಗ ಟಿಪ್ಪು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದನೆಂದು ಊರಿನವರು ಹೇಳುತ್ತಾರೆ. ಜಪಾನಿನ ಮರಗೆಲಸದ ವಿದ್ಯೆಯನ್ನು ತಂದ ಬಾವಾಸ್ ಮಿಯಾ ಅವರನ್ನು ಚನ್ನಪಟ್ಟಣದ ಬೊಂಬೆಯ ಪಿತಾಮಹ ಎಂದೇ ನೆನೆಯುತ್ತಾರೆ. ರೇಷ್ಮೆಯ ಕತೆಯಲ್ಲೂ ಜಪಾನ್ ಬರುತ್ತದೆ ಎಂಬುದನ್ನು ಇಲ್ಲಿ ಜೋಡಿಸಿ. ಜೆಮ್‌ಷೆಡ್‌ಜಿ ಟಾಟಾ 1890ರ ದಶಕದಲ್ಲಿ ಜಪಾನಿನ ತಜ್ಞರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ತೋಟ ಮಾಡಿಸಿದರು; ಬಸವನಗುಡಿಯ ಬಳಿ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಅದರಿಂದ ಉಳಿದದ್ದು. ನೂರು ವರ್ಷದ ಬಳಿಕ ದ್ವಿತಳಿ ಗೂಡು ಹಬ್ಬಿಸಲು ಮತ್ತೆ ಜಪಾನಿನ ನೆರವು ಬಂತು. 'ನಮ್ಮದು' ಎನ್ನುವ ವಸ್ತು ಎಷ್ಟು ದೂರದವರ ಕೈ ಸೇರಿ ನಮ್ಮದಾಗಿದೆ ಎಂಬುದು ಹದಿನಾಲ್ಕು ವರ್ಷದ ಮಗುವಿಗೆ ಚೆನ್ನಾಗಿ ಅರ್ಥವಾಗುತ್ತದೆ. ಬೊಂಬೆಯ ಕಸುಬಿನಲ್ಲಿ ಹಿಂದಿನಿಂದಲೂ ಮುಸ್ಲಿಂ ಕುಟುಂಬಗಳು ಹೆಚ್ಚು. ಅವರ ಮನೆಗಳಲ್ಲಿ ತಿರುಗಿದ ಬೊಂಬೆಗಳು ನಮ್ಮ ಮನೆಗಳ ದಸರೆಯ ಮೆಟ್ಟಿಲು ಏರುತ್ತವೆ. ಅದನ್ನು ಭಾಷಣ ಮಾಡಿ ಹೇಳುವುದು ಬೇಡ. ಲೇತಿನ ಮುಂದೆ ಕೂತವರು ಮನೆಯೊಳಗೆ ದಖನಿಯಲ್ಲಿ ಮಾತಾಡಿ, ಮಕ್ಕಳ ಕಡೆ ತಿರುಗಿ ಚನ್ನಪಟ್ಟಣದ ಕನ್ನಡದಲ್ಲಿ "ಕೈ ಹುಷಾರು ಕಂದ" ಎನ್ನುವುದನ್ನು ಮಕ್ಕಳೇ ಕೇಳಲಿ.

ಹತ್ತಿರದ ದೊಡ್ಡಮಳೂರಿನಲ್ಲಿ ಅಪ್ರಮೇಯ ದೇವಸ್ಥಾನ, ಅಂಬೆಗಾಲಿಡುವ ನವನೀತ ಕೃಷ್ಣ. ಮಕ್ಕಳಾಗಲೆಂದು ಹರಕೆ ಹೊತ್ತವರು ಕಟ್ಟಿದ ಪುಟ್ಟ ತೊಟ್ಟಿಲುಗಳನ್ನು ಅಲ್ಲಿ ನೋಡಬಹುದು. ಅಬ್ಬೂರಿನಲ್ಲಿ ವ್ಯಾಸರಾಯರ ಗುರು ಬ್ರಹ್ಮಣ್ಯತೀರ್ಥರ ಬೃಂದಾವನವಿದೆ. ಸಮಯ ಉಳಿದರೆ ಸೇರಿಸಿಕೊಳ್ಳಿ.

ಮಾಗಡಿ: ಬೆಂಗಳೂರಿನ ತವರು

ಬೆಂಗಳೂರಿನ ಮಕ್ಕಳಿಗೆ ಮಾಗಡಿ ರೋಡು ಗೊತ್ತು, ಮಾಗಡಿ ಗೊತ್ತಿಲ್ಲ. 1537ರಲ್ಲಿ ಬೆಂಗಳೂರಿನ ಕೋಟೆ ಕಟ್ಟಿದ ಕೆಂಪೇಗೌಡರ ವಂಶದವರು 1638ರಲ್ಲಿ ಬಿಜಾಪುರದ ಸೈನ್ಯಕ್ಕೆ ಬೆಂಗಳೂರು ಬಿಟ್ಟುಕೊಟ್ಟು ನೆಲೆ ನಿಂತದ್ದು ಇಲ್ಲಿ. ತಾಲ್ಲೂಕಿನ ಕೆಂಪಾಪುರದಲ್ಲಿ ಕೆಂಪೇಗೌಡರ ಸಮಾಧಿ ಎಂದು ಗುರುತಿಸಿದ ಸ್ಥಳ ಬೆಳಕಿಗೆ ಬಂದದ್ದು 2015ರಲ್ಲಿ. ಮಾಗಡಿಯ ಕೋಟೆ, ಸೋಮೇಶ್ವರ ದೇವಸ್ಥಾನ, ತಿರುಮಲೆಯ ರಂಗನಾಥ ಗುಡಿ, ಸಾವನದುರ್ಗ ಇವನ್ನು ಒಂದು ದಾರದಲ್ಲಿ ಪೋಣಿಸಿದರೆ ಒಂದು ಮನೆತನದ ಕತೆ ಸಿಗುತ್ತದೆ. 1791ರ ಡಿಸೆಂಬರಿನಲ್ಲಿ ಬ್ರಿಟಿಷರ ಕಡೆಯ ಕಾರ್ನ್‌ವಾಲಿಸನ ಸೈನ್ಯ ಸಾವನದುರ್ಗವನ್ನು ಟಿಪ್ಪುವಿನಿಂದ ಕಿತ್ತುಕೊಂಡಿತು. ಬಂಡೆಯನ್ನು ಕೆಳಗಿನಿಂದಲೇ ನೋಡಿ. ಮಕ್ಕಳ ತಂಡದೊಂದಿಗೆ ಏರಲು ಹೋಗಬೇಡಿ. ಮಳೆ ಬಿದ್ದ ಮೇಲಂತೂ ಆ ಬಂಡೆ ಎಣ್ಣೆ ಹಚ್ಚಿದಂತೆ ಜಾರುತ್ತದೆ. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಹುಟ್ಟಿದ ವೀರಾಪುರವೂ ಇದೇ ತಾಲ್ಲೂಕು.

ಆದರೂ ಮಾಗಡಿಯಲ್ಲಿ ನನಗೆ ಕೋಟೆಗಿಂತ ಹೆಚ್ಚು ಕಲಿಸಿದ್ದು ಅವರೆಕಾಯಿ. ಡಿಸೆಂಬರ್, ಜನವರಿಯಲ್ಲಿ ಮಾಗಡಿ ಅವರೆಯ ಸೊಗಡು ಬೆಂಗಳೂರಿನ ಸಂತೆಗಳವರೆಗೂ ಹರಡಿರುತ್ತದೆ. ಆ ಕಾಲಕ್ಕೆ ಹೋದರೆ, ಪರಿಚಯದ ಮನೆಯೊಂದರಲ್ಲಿ ಮಕ್ಕಳನ್ನು ಕೂರಿಸಿ ನೆನೆಸಿದ ಕಾಳು ಹಿತುಕಲು ಹಚ್ಚಿ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಕಾಳಿಟ್ಟು ಒತ್ತಿದರೆ ಬೇಳೆ ಚಿಮ್ಮಬೇಕು, ಮುರಿಯಬಾರದು. ಒಂದು ಪಾತ್ರೆ ಹಿತಕಿದ ಬೇಳೆ ಆಗುವಷ್ಟರಲ್ಲಿ ಹೆಂಗಸರು ಏನೆಲ್ಲ ಮಾತಾಡುತ್ತಾರೋ ಅದು ಊರಿನ ನಿಜವಾದ ಇತಿಹಾಸ. ಮಧ್ಯಾಹ್ನ ಮುದ್ದೆ ಊಟ. ಮುದ್ದೆಯನ್ನು ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕು ಎಂದು ಕಲಿಸುವ ಅಜ್ಜಿ ಪ್ರತಿ ಮನೆ, ಪ್ರತಿ ಮೆಸ್ಸಿನಲ್ಲೂ ಇದ್ದಾರೆ.

ಕನಕಪುರ: ನದಿಯೂ ಮನೆದೇವರೂ

ಕನಕಪುರದ ಕಡೆಯ ಜನರ ಜೊತೆ ಮಾತು ತೆಗೆಯಲು ಸುಲಭದ ದಾರಿ "ನಿಮ್ಮ ಮನೆದೇವರು ಯಾವುದು?" ಎಂಬ ಪ್ರಶ್ನೆ. ಕಬ್ಬಾಳಮ್ಮನ ಒಕ್ಕಲು ಎನ್ನುವವರು ಬೆಂಗಳೂರಿನ ಆಟೋ ಸ್ಟ್ಯಾಂಡಿನಲ್ಲೂ ಸಿಗುತ್ತಾರೆ. ಕಬ್ಬಾಳದುರ್ಗದ ಬೆಟ್ಟದಡಿಯ ಆ ಗುಡಿಗೆ ಊರು ಬಿಟ್ಟು ಹೋದ ಸಂಸಾರಗಳೂ ವರ್ಷಕ್ಕೊಮ್ಮೆ ಬಂದೇ ಬರುತ್ತವೆ. ಜಾತಿ ಯಾವುದೆಂದು ಮಕ್ಕಳು ಯಾರನ್ನೂ ಕೇಳಕೂಡದು. ಇದನ್ನು ಬಸ್ಸು ಹತ್ತುವ ಮೊದಲೇ ಖಡಾಖಂಡಿತವಾಗಿ ಹೇಳಿಬಿಡಿ.

ಈ ಭಾಗದ ಪೂಜಾ ಕುಣಿತವನ್ನು ಹಬ್ಬದ ದಿನವೇ ನೋಡುವುದು ಮೇಲು. ದೇವಿಯ ಮುಖ, ಸೀರೆ, ಹೂವಿನಿಂದ ಅಲಂಕರಿಸಿದ ಬಿದಿರಿನ ಚೌಕಟ್ಟನ್ನು ತಲೆಯ ಮೇಲೆ ಹೊತ್ತು, ಕೈ ಬಿಟ್ಟು, ತಮಟೆಯ ಗತ್ತಿಗೆ ಕುಣಿಯುತ್ತಾರೆ. ಕಲಾವಿದರನ್ನು ಶಾಲೆಗೋ ತಂಗುವ ಜಾಗಕ್ಕೋ ಕರೆಸುವುದಾದರೆ ಸಂಭಾವನೆಯನ್ನು ಮೊದಲೇ ಮಾತಾಡಿ, ಅಂದೇ ಕೊಟ್ಟು ಕಳಿಸಿ. ಆಷಾಢದಲ್ಲಿ ರಾಮನಗರದ ಚಾಮುಂಡೇಶ್ವರಿ ಕರಗ ನಡೆಯುತ್ತದೆ. ಆಗ ಶಾಲೆಗಳು ತೆರೆದಿರುವುದರಿಂದ ಹತ್ತಿರದವರಿಗೆ ಅನುಕೂಲ.

ಸಂಗಮದಲ್ಲಿ ಅರ್ಕಾವತಿ ಕಾವೇರಿಯನ್ನು ಕೂಡುತ್ತದೆ. ಅಲ್ಲಿಂದ ಕೆಳಗೆ ಮೇಕೆದಾಟು. ಕಾಲೇಜಿನವರನ್ನು ಕರೆದೊಯ್ದರೆ ನದಿಯ ಕತೆಯನ್ನು ಪೂರ್ತಿ ಹೇಳಿ. ನಂದಿಬೆಟ್ಟದ ಕಡೆ ಹುಟ್ಟಿದ ಅರ್ಕಾವತಿ ಮಾಗಡಿ ತಾಲ್ಲೂಕಿನ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ನಿಂತು, ರಾಮನಗರ, ಕನಕಪುರ ದಾಟಿ ಇಲ್ಲಿಗೆ ಬರುತ್ತದೆ. ಆ ಜಲಾಶಯ 1933ರಿಂದ ದಶಕಗಳ ಕಾಲ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟಿತು. ಬೆಂಗಳೂರು ತಿರುಗಿ ಕಳಿಸಿದ್ದು ವೃಷಭಾವತಿಯ ಕೊಳಚೆ. ಅದು ಬೈರಮಂಗಲದ ಕೆರೆಗೆ ಇಳಿದು ಮುಂದೆ ಇದೇ ಅರ್ಕಾವತಿಯನ್ನು ಸೇರುತ್ತದೆ. ನೀರಿಗೆ ಯಾವ ಮಗುವನ್ನೂ ಇಳಿಸಬೇಡಿ. ಸಂಗಮ, ಮೇಕೆದಾಟು, ಚುಂಚಿ ಜಲಪಾತ ಈ ಮೂರರಲ್ಲೂ ಮೇಲೆ ಶಾಂತವಾಗಿ ಕಾಣುವ ನೀರಿನ ಕೆಳಗೆ ಸುಳಿ ಮತ್ತು ಬಂಡೆಯ ಪೊಟರೆಗಳಿವೆ. ಈ ವಿಷಯದಲ್ಲಿ ಮೇಷ್ಟ್ರು ಸಡಿಲ ಬಿಡಲೇಬಾರದು.

ಬೆಟ್ಟಗಳ ಅಂಚಿನಲ್ಲಿ ಇರುಳಿಗರ ಹಾಡಿಗಳಿವೆ. ಕಾಡು, ಜೇನು, ಬೇರುಗಳ ಬಗ್ಗೆ ಅವರಿಗಿರುವ ತಿಳಿವಳಿಕೆ ದೊಡ್ಡದು. ಹಾಡು, ಕುಣಿತವೂ ಅಷ್ಟೇ ಸಮೃದ್ಧ. ಆದರೆ ಬಸ್ಸು ನಿಲ್ಲಿಸಿ ಇಳಿದು ನೋಡಿಕೊಂಡು ಹೋಗುವುದಕ್ಕೆ ಅವರ ಕೇರಿ ವಸ್ತುಪ್ರದರ್ಶನವಲ್ಲ. ಅವರ ಪೈಕಿ ಯಾರಾದರೂ ಕರೆದರೆ ಐದಾರು ಹಿರಿಯ ವಿದ್ಯಾರ್ಥಿಗಳು ಹೋಗಲಿ, ಕರೆಯದಿದ್ದರೆ ಬೇಡ.

ಕೆಲವು ಕೆಲಸದ ಮಾತು

ಸರ್ಕಾರಿ ಮತ್ತು ಅನುದಾನಿತ ಶಾಲೆಗಳು ಬಿಇಒ ಕಚೇರಿಯ ಅನುಮತಿ, ಪೋಷಕರ ಲಿಖಿತ ಒಪ್ಪಿಗೆ ಎರಡನ್ನೂ ಮೊದಲೇ ಪಡೆಯಬೇಕು. ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯವರಿಗೆ ಹೇಳಿರುವ ಹತ್ತು ಬ್ಯಾಗ್‌ರಹಿತ ದಿನಗಳನ್ನಾಗಲಿ, ನಮ್ಮ ಶಾಲೆಗಳ ಸಂಭ್ರಮ ಶನಿವಾರವನ್ನಾಗಲಿ ಈ ಕೆಲಸಕ್ಕೆ ಚೆನ್ನಾಗಿ ಬಳಸಿಕೊಳ್ಳಬಹುದು. ನವೆಂಬರಿನಿಂದ ಫೆಬ್ರವರಿ ಹಿತವಾದ ಕಾಲ. ಕನಕಪುರ, ಮಾಗಡಿಗೆ ರೈಲಿಲ್ಲ, ಬಸ್ಸೇ ಗತಿ. ಹದಿನೈದು ಮಕ್ಕಳಿಗೆ ಒಬ್ಬರು ದೊಡ್ಡವರು, ಹೆಣ್ಣುಮಕ್ಕಳಿದ್ದರೆ ಶಿಕ್ಷಕಿಯೊಬ್ಬರು ಕಡ್ಡಾಯ. ಶೌಚಾಲಯ ಎಲ್ಲೆಲ್ಲಿದೆ ಎಂದು ಒಬ್ಬರು ಮುಂಚೆಯೇ ಹೋಗಿ ನೋಡಿ ಬನ್ನಿ. ಹೆಣ್ಣುಮಕ್ಕಳು ದಿನವಿಡೀ ನೀರು ಕುಡಿಯದೆ ಇರುವುದು ಈ ಒಂದು ಕಾರಣಕ್ಕೆ. ಬೆಳಗಿನ ತಿಂಡಿಗೆ ಬಿಡದಿಯ ತಟ್ಟೆ ಇಡ್ಲಿ ದಾರಿಯಲ್ಲೇ ಸಿಗುತ್ತದೆ.

ಫೋಟೊ ತೆಗೆಯುವ ಮುನ್ನ ಕೇಳಬೇಕು. ರೆಕಾರ್ಡ್ ಮಾಡುವ ಮುನ್ನ ಇನ್ನೊಮ್ಮೆ ಕೇಳಬೇಕು. ಎದುರಿನವರನ್ನು ಅಣ್ಣ, ಅಕ್ಕ, ತಾತ, ಅಜ್ಜಿ ಎಂದೇ ಕರೆಯಲಿ, ಏಕವಚನ ಬೇಡವೇ ಬೇಡ. ಕುಶಲಕರ್ಮಿಯ ಎರಡು ಗಂಟೆ ತೆಗೆದುಕೊಂಡರೆ ಎರಡು ಗಂಟೆಯ ದುಡಿಮೆ ನಿಂತಿದೆ ಎಂದರ್ಥ, ಅದನ್ನು ಪ್ರವಾಸದ ಬಜೆಟ್ಟಿನಲ್ಲೇ ಸೇರಿಸಿ ಕೊಡಿ. ಬೊಂಬೆ ಕೊಳ್ಳುವಾಗ ಮಾಡಿದವರ ಕೈಯಿಂದಲೇ ಕೊಳ್ಳಿ, ಚೌಕಾಸಿ ಮಾಡಬೇಡಿ.

ವಾಪಸ್ಸು ಬಂದ ಮೇಲೆ ವರದಿ ಬರೆಸುವುದು ಎಲ್ಲ ಶಾಲೆಯಲ್ಲೂ ಇದೆ. ಒಂದು ಸಣ್ಣ ಬದಲಾವಣೆ ಮಾಡಿ. ವರದಿಯ ಬದಲು ಅಲ್ಲಿ ಮಾತಾಡಿದವರಿಗೆ ಒಂದು ಕಾಗದ ಬರೆಸಿ: ನೀವು ಹೇಳಿದ ಇಂಥ ಪದ ಕಲಿತೆವು, ನಮ್ಮ ತಾತನೂ ಇಂಥ ಕೆಲಸ ಮಾಡುತ್ತಿದ್ದರು ಎಂದು. ಜೊತೆಗೆ ಅವರ ಫೋಟೊ ಪ್ರಿಂಟ್ ಹಾಕಿಸಿ ಕಳಿಸಿ. ನಾವು ಮೊದಲ ಸಲ ಹಾಗೆ ಕಳಿಸಿದ ಮಾರನೆಯ ವರ್ಷ ಅದೇ ಹುಳುಮನೆಗೆ ಹೋದಾಗ, ದೇವರ ಪಟಗಳ ಪಕ್ಕದಲ್ಲಿ ಆ ಫೋಟೊ ನೇತಾಡುತ್ತಿತ್ತು. ಆ ಮನೆಯ ಅಜ್ಜಿ ಹಿಂದಿನ ವರ್ಷ ಬಂದಿದ್ದ ಮಕ್ಕಳಲ್ಲಿ ಮೂವರ ಹೆಸರು ಹೇಳಿ, ಅವರೇಕೆ ಬಂದಿಲ್ಲ ಎಂದು ಕೇಳಿದರು.

ಈ ಜನವರಿಯಲ್ಲಿ ಹೊರಡುವವರು ಈಗಲೇ ಗೂಡಿನ ಮಾರುಕಟ್ಟೆಗೆ ಪತ್ರ ಬರೆಯಿರಿ, ಜಾನಪದ ಲೋಕಕ್ಕೆ ಫೋನ್ ಮಾಡಿ. ಅಂಚೆ ಚೀಟಿಯ ಖರ್ಚನ್ನು ಪ್ರವಾಸದ ಲೆಕ್ಕದಲ್ಲಿ ಮೊದಲೇ ಸೇರಿಸಿಕೊಳ್ಳಿ.